ಗ್ರಾನ್ಯುಲೈಟ್ ದರ್ಜೆಯಲ್ಲಿ ಥೋರಿಯಂ, ರೇರ್ ಅರ್ಥ್ ಎಲ್ಲಿ ಹೋಗುತ್ತವೆ? ಒಂದೇ ಬಿಸಿ ಕಂಡ ಎರಡು ಕಲ್ಲು, ಎರಡು ಉತ್ತರ

ಶಿಲಾರ್ಥಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎರಡು ಕಲ್ಲು ಹಿಡಿದು ಕೂತಿದ್ದೇನೆ. ಒಂದು ಗಾರ್ನೆಟ್, ಸಿಲಿಮನೈಟ್, ಗ್ರಾಫೈಟ್ ತುಂಬಿದ ಖೊಂಡಲೈಟ್, ಅಂದರೆ ಮೂಲದಲ್ಲಿ ಜೇಡಿ ಕೆಸರು. ಇನ್ನೊಂದು ಟೋನಲೈಟ್ (ಗ್ರಾನೈಟ್‌ನ ನೆಂಟ, ಕ್ಯಾಲ್ಸಿಯಂ ಹೆಚ್ಚು) ಸಂಯೋಜನೆಯ ಚಾರ್ನೊಕೈಟ್, ಅಂದರೆ ಕಪ್ಪು ಹಸಿರು ಛಾಯೆಯ ಗ್ರಾನೈಟ್ ಬಗೆಯ ಕಲ್ಲು. ಖನಿಜ ಜೋಡಿಗಳಿಂದ ಲೆಕ್ಕ ಹಾಕಿದರೆ ಎರಡೂ 800 ಡಿಗ್ರಿ ಸೆಲ್ಸಿಯಸ್ ದಾಟಿವೆ. ರಾಸಾಯನಿಕ ವಿಶ್ಲೇಷಣೆ ನೋಡಿದರೆ ಖೊಂಡಲೈಟ್‌ನಲ್ಲಿ ಥೋರಿಯಂ ಧಾರಾಳವಾಗಿದೆ, ಚಾರ್ನೊಕೈಟ್‌ನಲ್ಲಿ ಪತ್ತೆ ಮಿತಿಯ ಹತ್ತಿರ ಬಿದ್ದಿದೆ. ಹಗುರ ರೇರ್ ಅರ್ಥ್‌ಗಳೂ (ಲ್ಯಾಂಥನಂ, ಸೀರಿಯಂ, ನಿಯೋಡೈಮಿಯಂ) ಅದೇ ದಾರಿ ಹಿಡಿದಿವೆ.

ನಾನು ಓದಿದ್ದೆಲ್ಲ ಹೇಳುವುದು ಒಂದೇ: ಗ್ರಾನ್ಯುಲೈಟ್ ದರ್ಜೆಗೆ (ಕಲ್ಲು ಆಳದಲ್ಲಿ ಕಾದು ರೂಪಾಂತರಗೊಳ್ಳುವ ಅತಿ ಬಿಸಿಯ ಹಂತಕ್ಕೆ) ಏರಿದ ಕಲ್ಲು ಯುರೇನಿಯಂ, ಥೋರಿಯಂ, ರುಬಿಡಿಯಂಗಳನ್ನು ಕಳೆದುಕೊಳ್ಳುತ್ತದೆ. ಹಾಗಿದ್ದರೆ ಖೊಂಡಲೈಟ್ ಯಾಕೆ ಕಳೆದುಕೊಳ್ಳಲಿಲ್ಲ? ವಿಶ್ಲೇಷಣೆಯನ್ನೇ ಅನುಮಾನಿಸಬೇಕೇ?

ಹಳೇಸರ್ವೆ

ವಿಶ್ಲೇಷಣೆಯನ್ನು ಅನುಮಾನಿಸುವ ಮೊದಲು ಆ ಪಾಠ ಎಲ್ಲಿಂದ ಬಂತು ಅಂತ ನೋಡಿ. ಅದರ ದೊಡ್ಡ ಪಾಲು ಬಂದದ್ದು ವಾಯವ್ಯ ಸ್ಕಾಟ್ಲೆಂಡಿನ ಲೂಯಿಸಿಯನ್ ಸಂಕೀರ್ಣದಿಂದ, ಅದರಲ್ಲೂ ಸ್ಕೌರಿ ಸುತ್ತಲಿನ, ಪಟ್ಟೆಪಟ್ಟೆಯ ರೂಪಾಂತರ ಶಿಲೆಗಳಾದ ಬೂದು ನೈಸ್‌ಗಳಿಂದ. ಅವು ಬಹುಪಾಲು ಟೋನಲೈಟ್ ಬಗೆಯ ಕಲ್ಲುಗಳು. ಅಲ್ಲಿ ಥೋರಿಯಂ, ಯುರೇನಿಯಂ ನಿಜಕ್ಕೂ ತೀರಾ ಕಡಿಮೆ. ಅದರ ಮೇಲೆ ಇಡೀ ಕೆಳಭೂಕವಚದ ಚಿತ್ರ ಕಟ್ಟಿದರು. ಇವತ್ತಿಗೂ ಬಳಕೆಯಲ್ಲಿರುವ ಸರಾಸರಿ ಅಂದಾಜಿನಲ್ಲಿ ಮೇಲ್ಕವಚಕ್ಕೆ ಥೋರಿಯಂ ಸುಮಾರು 10.5 ಪಿಪಿಎಂ (ಹತ್ತು ಲಕ್ಷದಲ್ಲಿ 10.5 ಭಾಗ), ಕೆಳಕವಚಕ್ಕೆ ಸುಮಾರು 1.2 ಪಿಪಿಎಂ.

ಸರಾಸರಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಸರಾಸರಿ ಯಾವ ಒಂದು ಕಲ್ಲಿನ ಬಗ್ಗೆಯೂ ಮಾತಾಡುವುದಿಲ್ಲ. ನಿಮ್ಮ ಖೊಂಡಲೈಟ್‌ನಂಥ ಕೆಸರು ಮೂಲದ ಗ್ರಾನ್ಯುಲೈಟ್‌ಗಳು ಕೇರಳ, ಶ್ರೀಲಂಕಾ, ಮಡಗಾಸ್ಕರ್, ಮಧ್ಯ ಆಸ್ಟ್ರೇಲಿಯಾ, ಎಲ್ಲ ಕಡೆ ಥೋರಿಯಂ ಉಳಿಸಿಕೊಂಡಿವೆ. ಚಾರ್ನೊಕೈಟ್ ಅಂತ ಹೆಸರಿಟ್ಟ ಕಲ್ಲುಗಳಲ್ಲೇ ಬೇಕಾದಷ್ಟು ಥೋರಿಯಂ ಇರುವವೂ ಇವೆ, ಮೂಲ ಗ್ರಾನೈಟ್ ಆಗಿದ್ದರೆ.

ಸೂಕ್ಷ್ಮನೋಟ

ಸರ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಮೈಕ್ರೋಪ್ರೋಬ್ (ಎಲೆಕ್ಟ್ರಾನ್ ಕಿರಣದಿಂದ ಸೂಕ್ಷ್ಮ ಜಾಗದ ರಾಸಾಯನಿಕ ಸಂಯೋಜನೆ ಅಳೆಯುವ ಯಂತ್ರ) ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಹಾಗಾಗಿ ನನಗೆ ಪಿಪಿಎಂಗಿಂತ ಮೊದಲು ಏಳುವ ಪ್ರಶ್ನೆ: ಥೋರಿಯಂ ಕೂತಿರುವುದು ಯಾವ ಖನಿಜದಲ್ಲಿ? ಅದು ಗೊತ್ತಾಗದೆ "ಹೋಯಿತು", "ಉಳಿಯಿತು" ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಕೆಸರು ಮೂಲದ ಕಲ್ಲಿನಲ್ಲಿ ಥೋರಿಯಂನ ಮುಖ್ಯ ಮನೆ ಮೊನಾಜೈಟ್. ಹಗುರ ರೇರ್ ಅರ್ಥ್‌ಗಳ ಫಾಸ್ಫೇಟ್ ಅದು. ಅದರ ಜಾಲದಲ್ಲಿ ಲೋಹದ ಜಾಗ ದೊಡ್ಡದು, ಒಂಬತ್ತು ಆಮ್ಲಜನಕಗಳು ಸುತ್ತುವರಿದಿರುತ್ತವೆ. ಹಾಗಾಗಿ ಲ್ಯಾಂಥನಂನಿಂದ ಸಮೇರಿಯಂ, ಗ್ಯಾಡೊಲಿನಿಯಂವರೆಗಿನ ದೊಡ್ಡ ಅಯಾನುಗಳು ಅಲ್ಲಿ ಹಿಡಿಸುತ್ತವೆ. ಚಿಕ್ಕವಾದ ಭಾರ ರೇರ್ ಅರ್ಥ್‌ಗಳು ಮತ್ತು ಇಟ್ರಿಯಂ ಕ್ಸೆನೋಟೈಮ್‌ಗೆ ಹೋಗುತ್ತವೆ. ಅದು ಜಿರ್ಕಾನ್ ಮಾದರಿಯ ರಚನೆ, ಎಂಟು ಆಮ್ಲಜನಕಗಳ ಚಿಕ್ಕ ಜಾಗ.

ಥೋರಿಯಂ ನಾಲ್ಕು ಧನಾವೇಶದ ಅಯಾನು, ರೇರ್ ಅರ್ಥ್‌ಗಳು ಮೂರು. ಆವೇಶ ಸರಿದೂಗಿಸಲು ಮೊನಾಜೈಟ್ ಎರಡು ದಾರಿ ಹಿಡಿಯುತ್ತದೆ. ಒಂದು, ಥೋರಿಯಂ ಜತೆಗೆ ಕ್ಯಾಲ್ಸಿಯಂ ಬಂದು ಎರಡು ರೇರ್ ಅರ್ಥ್‌ಗಳ ಜಾಗ ತುಂಬುವುದು. ಇದು ಚೆರಾಲೈಟ್ (ಥೋರಿಯಂ, ಕ್ಯಾಲ್ಸಿಯಂಗಳ ಫಾಸ್ಫೇಟ್) ಕಡೆಯ ದಾರಿ. ಇನ್ನೊಂದು, ಥೋರಿಯಂ ಬಂದಾಗ ಫಾಸ್ಫರಸ್ ಜಾಗಕ್ಕೆ ಸಿಲಿಕಾನ್ ಬರುವುದು; ಇದು ಹಟನೈಟ್ (ಥೋರಿಯಂ ಸಿಲಿಕೇಟ್) ಕಡೆಯ ದಾರಿ. ಸಾಮಾನ್ಯ ಮೊನಾಜೈಟ್‌ನಲ್ಲಿ ಥೋರಿಯಂ ಆಕ್ಸೈಡ್ ಶೇ. 4ರಿಂದ 12ರವರೆಗೆ ಇರುತ್ತದೆ. 1953ರಲ್ಲಿ ತಿರುವಾಂಕೂರಿನ ಕಲ್ಲಿನಿಂದ ವಿವರಿಸಿದ ಚೆರಾಲೈಟ್‌ನಲ್ಲಿ ಶೇ. 30ರ ಆಸುಪಾಸು. ಅದಕ್ಕೆ ಹೆಸರು ಬಂದದ್ದು ಚೇರ ರಾಜ್ಯದಿಂದ.

ನಿಮ್ಮ ಟೋನಲೈಟ್ ಬಗೆಯ ಕಲ್ಲಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅಲ್ಲಿ ಮೊನಾಜೈಟ್ ಕಷ್ಟದಲ್ಲಿ ನಿಲ್ಲುತ್ತದೆ. ಅಲ್ಲನೈಟ್ (ರೇರ್ ಅರ್ಥ್ ಹೊತ್ತ ಸಿಲಿಕೇಟ್), ಅಪಟೈಟ್ (ಕ್ಯಾಲ್ಸಿಯಂ ಫಾಸ್ಫೇಟ್), ಟೈಟನೈಟ್‌ಗಳೇ ರೇರ್ ಅರ್ಥ್ ಹೊರುತ್ತವೆ. ಬಿಸಿ ಏರಿದಾಗ ಅಲ್ಲನೈಟ್ ಒಡೆದುಹೋಗುತ್ತದೆ. ಒಡೆದಾಗ ಹೊರಬಿದ್ದ ಥೋರಿಯಂಗೆ ಕೂರಲು ಬೇರೆ ಜಾಗ ಸಿಗದಿದ್ದರೆ, ಕರಗುದ್ರವ ಅಥವಾ ಬಿಸಿನೀರಿನ ಜತೆ ಹೊರಟುಬಿಡುತ್ತದೆ. ನಿಮ್ಮ ಎರಡು ಕಲ್ಲಿನ ವ್ಯತ್ಯಾಸಕ್ಕೆ ಇದೇ ಬುಡ ಅಂತ ನನ್ನ ನಂಬಿಕೆ.

ಶಿಲಾರ್ಥಿ

ಧನ್ಯವಾದ ಮೇಡಂ. ಖೊಂಡಲೈಟ್‌ನ ಮೊನಾಜೈಟ್ ಮೂಲ ಕೆಸರಿನಲ್ಲೇ ಇದ್ದ ಮರಳುಕಣವೋ, ಆಮೇಲೆ ಬೆಳೆದದ್ದೋ?

ಸೂಕ್ಷ್ಮನೋಟ

ಬಹುಮಟ್ಟಿಗೆ ಆಮೇಲೆ ಬೆಳೆದದ್ದು. ನದಿ ತಂದ ಮೊನಾಜೈಟ್ ಕೆಳದರ್ಜೆಯ ರೂಪಾಂತರದಲ್ಲಿ ಅನೇಕ ವೇಳೆ ಕರಗಿ ಅಲ್ಲನೈಟ್ ಅಥವಾ ಬೇರೆ ರೇರ್ ಅರ್ಥ್ ಖನಿಜಗಳಾಗುತ್ತದೆ. ಬಿಸಿ 500 ಡಿಗ್ರಿ ದಾಟುವ ಹೊತ್ತಿಗೆ, ಸ್ಟಾರೊಲೈಟ್ ಕಾಣಿಸಿಕೊಳ್ಳುವ ಆಸುಪಾಸಿನಲ್ಲಿ, ಅಲ್ಲನೈಟ್ ಹೋಗಿ ಹೊಸ ಮೊನಾಜೈಟ್ ಹುಟ್ಟುತ್ತದೆ. ಕಲ್ಲಿನ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಪ್ರಮಾಣದ ಮೇಲೆ ಈ ತಾಪ ಹಿಂದೆ ಮುಂದೆ ಆಗುತ್ತದೆ. ಅಲ್ಲಿಂದ ಮುಂದೆ ಅದು ಬೆಳೆಯುತ್ತ, ಕರಗುತ್ತ, ಮತ್ತೆ ಬೆಳೆಯುತ್ತ ಹೋಗುತ್ತದೆ. ಗ್ರಾನ್ಯುಲೈಟ್‌ನಲ್ಲಿ ಕಾಣುವ ಒಂದೇ ಕಣದೊಳಗೆ ಇಷ್ಟೆಲ್ಲ ಪದರಗಳು ಇರಬಹುದು.

ಕರಗುಶಿಲೆ

ಈಗ ಮುಖ್ಯ ಭಾಗಕ್ಕೆ ಬರೋಣ. 800 ಡಿಗ್ರಿಯಲ್ಲಿ ಖೊಂಡಲೈಟ್‌ನಂಥ ಕಲ್ಲು ಭಾಗಶಃ ಕರಗಿರಲೇಬೇಕು. ಬಯೊಟೈಟ್ ಒಡೆದು ಗಾರ್ನೆಟ್ ಅಥವಾ ಕಾರ್ಡಿಯರೈಟ್ ಜತೆಗೆ ಗ್ರಾನೈಟ್ ಕರಗುದ್ರವ ಹುಟ್ಟುತ್ತದೆ. ಆ ದ್ರವ ಮೇಲಕ್ಕೆ ಹೋಗುವಾಗ ಥೋರಿಯಂ ಒಯ್ಯುತ್ತದೆಯೇ ಅನ್ನುವುದು ಮೊನಾಜೈಟ್ ಎಷ್ಟು ಕರಗಿತು ಅನ್ನುವುದರ ಮೇಲೆ ನಿಂತಿದೆ.

1980ರ ದಶಕದಿಂದ ನಡೆದ ಪ್ರಯೋಗಗಳು ತೋರಿಸಿದ್ದು: ಗ್ರಾನೈಟ್ ಕರಗುದ್ರವದಲ್ಲಿ ಮೊನಾಜೈಟ್ ಕರಗುವುದು ಕಡಿಮೆ. ತಾಪ, ನೀರು ಮತ್ತು ಕ್ಷಾರಲೋಹಗಳ ಪಾಲು ಹೆಚ್ಚಿದಂತೆ ಅದು ಹೆಚ್ಚುತ್ತದೆ. ಅಂದರೆ ಒಣ, ಅಲ್ಯೂಮಿನಿಯಂ ತುಂಬಿದ ದ್ರವದಲ್ಲಿ ಮೊನಾಜೈಟ್ ಬಹುಕಾಲ ಹಾಗೇ ಉಳಿಯುತ್ತದೆ. ಇದರ ಮೇಲೆ ಇನ್ನೊಂದು ವಿಷಯ, ತುಂಬಾ ಜನ ಗಮನಿಸುವುದಿಲ್ಲ: ಇಂಥ ದ್ರವದಲ್ಲಿ ಅಪಟೈಟ್ ಸುಲಭವಾಗಿ ಕರಗುತ್ತದೆ. ಅಪಟೈಟ್ ಕರಗಿದರೆ ದ್ರವಕ್ಕೆ ಫಾಸ್ಫರಸ್ ತುಂಬುತ್ತದೆ, ಜತೆಗೆ ಒಂದಿಷ್ಟು ರೇರ್ ಅರ್ಥ್ ಕೂಡ. ಆಗ ಮೊನಾಜೈಟ್ ಕರಗುವ ಬದಲು ಬೆಳೆಯಲೂಬಹುದು. ಹಾಗಾಗಿ ದ್ರವ ಹೊರಟುಹೋದಾಗ ಹಿಂದೆ ಉಳಿದ ಕಲ್ಲಿನಲ್ಲಿ ಥೋರಿಯಂನ ಪಾಲು ಇಳಿಯದೆ ಇರುವುದು, ಕೆಲವೊಮ್ಮೆ ಏರುವುದು, ಎರಡೂ ಸಹಜ.

ಗಾರ್ನೆಟ್ ಒಳಗೆ ಸಿಕ್ಕಿಕೊಂಡ ಮೊನಾಜೈಟ್ ಬೇರೆ. ಅದಕ್ಕೆ ದ್ರವ ತಾಗುವುದೇ ಇಲ್ಲ. ನಿಮ್ಮ ಕಲ್ಲಿನಲ್ಲಿ ಎಷ್ಟು ಕಣ ಗಾರ್ನೆಟ್ ಒಳಗಿವೆ, ಎಷ್ಟು ಕಣ ಖನಿಜಗಳ ಗಡಿಯಲ್ಲಿವೆ ಅಂತ ಬೇರೆ ಬೇರೆ ಎಣಿಸಿ. ನನ್ನ ಅಭಿಪ್ರಾಯದಲ್ಲಿ ಈ ಎಣಿಕೆ ಇಲ್ಲದ ಥೋರಿಯಂ ಲೆಕ್ಕ ಅರ್ಧ ಲೆಕ್ಕ.

ಹಳೇಸರ್ವೆ

ಕರಗುಶಿಲೆಯವರ ಮಾತು ಖೊಂಡಲೈಟ್‌ಗೆ ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಕರಗುದ್ರವದ ತಲೆಗೆ ಕಟ್ಟಬೇಡಿ. ಕಬ್ಬಾಳದುರ್ಗದ ಕಲ್ಲು ನೋಡಿದವರಿಗೆ ಗೊತ್ತು: ಬೂದು ನೈಸ್‌ನ ನಡುವೆ ಕಪ್ಪು ಹಸಿರು ಛಾಯೆಯ ಚಾರ್ನೊಕೈಟ್ ತೇಪೆಗಳು, ಬಿರುಕು ಮತ್ತು ಕತ್ತರಿ ವಲಯಗಳ (ಬಂಡೆ ಜಾರಿ ಅರೆದ ಪಟ್ಟಿಗಳ) ಗುಂಟ. ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಇದನ್ನು ಚಾರ್ನೊಕೈಟ್ ಆಗುತ್ತಿರುವ ಹಂತ ಎಂದು ವಿವರಿಸಿದರು. ಆಮೇಲೆ ಬಂದವರು ಅದಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ, ನೀರಿನ ಚಟುವಟಿಕೆ ಕಡಿಮೆಯಿರುವ ದ್ರವ (ಕರಗಿದ ಕಲ್ಲಲ್ಲ, ಬಂಡೆಯೊಳಗೆ ಹರಿಯುವ ಅನಿಲ, ಬಿಸಿನೀರಿನಂಥದ್ದು) ಕಾರಣ ಎಂದರು. ಸಾಂದ್ರ ಉಪ್ಪುನೀರಿನ ಪಾತ್ರದ ಚರ್ಚೆ ಇನ್ನೂ ನಡೆದಿದೆ. ಆ ದ್ರವಗಳು ರೇರ್ ಅರ್ಥ್, ಥೋರಿಯಂಗಳನ್ನು ಸುಮ್ಮನೆ ಬಿಟ್ಟಿರುತ್ತವೆಯೇ?

ಕರಗುಶಿಲೆ

ಸರ್, ದ್ರವ ಇಲ್ಲ ಅಂತ ನಾನು ವಾದಿಸುತ್ತಿಲ್ಲ. ಆದರೆ ಶುದ್ಧ ಇಂಗಾಲದ ಡೈಆಕ್ಸೈಡ್ ಥೋರಿಯಂ ಹೊತ್ತೊಯ್ಯುವ ಶಕ್ತಿ ಇರುವ ದ್ರವವಲ್ಲ. ಒಯ್ಯಬೇಕಾದರೆ ಕ್ಲೋರೈಡ್, ಫ್ಲೋರೈಡ್‌ನಂಥ ಜತೆಗಾರರು ಬೇಕು.

ಸೂಕ್ಷ್ಮನೋಟ

ಇಲ್ಲಿ ಅಪಟೈಟ್ ಒಳ್ಳೆಯ ಸಾಕ್ಷಿ. ಗ್ರಾನ್ಯುಲೈಟ್‌ನ ಅನೇಕ ಅಪಟೈಟ್ ಕಣಗಳ ಒಳಗೆ ಮೊನಾಜೈಟ್, ಕ್ಸೆನೋಟೈಮ್‌ನ ಸಣ್ಣ ಸೂಜಿಗಳು ಕಾಣುತ್ತವೆ. ಅವು ಹೊರಗಿನಿಂದ ಬಂದು ಸೇರಿದವಲ್ಲ. ದ್ರವ ಒಳನುಗ್ಗಿದಾಗ ಅಪಟೈಟ್ ಸ್ವಲ್ಪ ಸ್ವಲ್ಪವೇ ಕರಗಿ ಅಲ್ಲೇ ಮತ್ತೆ ಹರಳಾಗುತ್ತದೆ. ಹಾಗೆ ಮರುಹುಟ್ಟಿದ ಅಪಟೈಟ್‌ನಲ್ಲಿ ಹಿಡಿಸದ ರೇರ್ ಅರ್ಥ್‌ಗಳು ಪಕ್ಕದಲ್ಲೇ ಮೊನಾಜೈಟ್ ಆಗಿ ಕೂರುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ನೀರಿನಲ್ಲಿ, ಪೊಟಾಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಆಮ್ಲಗಳಲ್ಲಿ ಮೊನಾಜೈಟ್ ಹುಟ್ಟಿತು. ಸೋಡಿಯಂ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹುಟ್ಟಲಿಲ್ಲ. ಹಾಗಾಗಿ ಅಪಟೈಟ್‌ನೊಳಗಿನ ಈ ಸೂಜಿಗಳು ಯಾವ ಬಗೆಯ ದ್ರವ ಹಾದುಹೋಯಿತು ಅನ್ನುವುದಕ್ಕೂ ಸುಳಿವು ಕೊಡುತ್ತವೆ. ಶಿಲಾರ್ಥಿಯವರೇ, ನಿಮ್ಮ ಚಾರ್ನೊಕೈಟ್‌ನ ಅಪಟೈಟ್‌ಗಳನ್ನು ಖಂಡಿತ ನೋಡಿ. ಇದು ಸಣ್ಣ ಕೆಲಸ, ಆದರೆ ಪ್ರಾಜೆಕ್ಟ್‌ನ ಬೆಲೆ ಏರಿಸುವ ಕೆಲಸ.

ಮರಳುಗಣ್ಣು

ನಾನು ಶಿಲಾಶಾಸ್ತ್ರದವನಲ್ಲ, ಖನಿಜ ಬೇರ್ಪಡಿಸುವ ಕಡೆಯವನು. ಒಂದು ಸಂದೇಹ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಯ ಕಡಲ ಮರಳಿನಲ್ಲಿ ಇಷ್ಟು ಮೊನಾಜೈಟ್ ಇದೆ ಅಂದರೆ ಹಿಂದಿನ ಬೆಟ್ಟಗಳ ಖೊಂಡಲೈಟ್, ಚಾರ್ನೊಕೈಟ್‌ಗಳೇ ಥೋರಿಯಂ ಅದಿರು ಅಂತ ಅರ್ಥವೇ?

ಹಳೇಸರ್ವೆ

ಅಲ್ಲ. ಬೆಟ್ಟದ ಕಲ್ಲಿನಲ್ಲಿ ಮೊನಾಜೈಟ್ ಲೆಕ್ಕಕ್ಕೇ ಸಿಗದಷ್ಟು ಸಣ್ಣ ಪಾಲು. ಮರಳಾಗಿಸಿದ್ದು ಕಾಲ, ಮಳೆ, ಅಲೆ. ಬಿಸಿಲು ಮಳೆಗೆ ಫೆಲ್ಡ್‌ಸ್ಪಾರ್ ಮಣ್ಣಾಗುತ್ತದೆ, ಮೊನಾಜೈಟ್ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ಸಾಪೇಕ್ಷ ಸಾಂದ್ರತೆ 5ರ ಆಸುಪಾಸು ಇರುವುದರಿಂದ ಇಲ್ಮೆನೈಟ್, ಜಿರ್ಕಾನ್, ಗಾರ್ನೆಟ್ ಜತೆಗೆ ದಡದಲ್ಲಿ ಉಳಿಯುತ್ತದೆ, 2.65ರ ಕ್ವಾರ್ಟ್ಜ್ ಕೊಚ್ಚಿ ಹೋಗುತ್ತದೆ. ತಿರುವಾಂಕೂರಿನ ಕರಾವಳಿಯಲ್ಲಿ ಮೊನಾಜೈಟ್ ಇದೆ ಅಂತ ಹೊರಜಗತ್ತಿಗೆ ಗೊತ್ತಾದದ್ದು 1909ರಲ್ಲಿ, ಜರ್ಮನ್ ರಸಾಯನಶಾಸ್ತ್ರಜ್ಞ ಶೋಂಬರ್ಗ್ ಅವರಿಂದ. ಆಗ ಗ್ಯಾಸ್ ದೀಪದ ಮ್ಯಾಂಟಲ್‌ಗೆ ಥೋರಿಯಂ ಬೇಕಿತ್ತು, ಬ್ರೆಜಿಲ್‌ನ ಮೊನಾಜೈಟ್‌ಗಿಂತ ಇಲ್ಲಿನದರಲ್ಲಿ ಥೋರಿಯಂ ಹೆಚ್ಚಿತ್ತು.

ಗಟ್ಟಿ ಕಲ್ಲಿನಲ್ಲೇ ಅದಿರು ಅನ್ನಿಸಿಕೊಂಡದ್ದು ಬೇಕಾದರೆ ದಕ್ಷಿಣ ಆಫ್ರಿಕಾದ ಸ್ಟೀನ್‌ಕಾಂಪ್ಸ್‌ಕ್ರಾಲ್ ನೋಡಿ. ನಮಾಕ್ವಾ ಪ್ರದೇಶದ ಗ್ರಾನ್ಯುಲೈಟ್ ದರ್ಜೆಯ ಕಲ್ಲುಗಳ ನಡುವೆ ಮೊನಾಜೈಟ್, ಅಪಟೈಟ್, ಮ್ಯಾಗ್ನಟೈಟ್, ತಾಮ್ರದ ಸಲ್ಫೈಡ್ ತುಂಬಿದ ಒಂದು ಸೀಳು. 1952ರಿಂದ 1963ರವರೆಗೆ ಅಲ್ಲಿ ಥೋರಿಯಂಗಾಗಿ ಗಣಿ ನಡೆಯಿತು. ಅಂಥ ಜಾಗ ಅಪರೂಪ.

ಮರಳುಗಣ್ಣು

ಥೋರಿಯನೈಟ್ ಬಗ್ಗೆಯೂ ಹೇಳಿ ಸರ್. ಅದೂ ಶ್ರೀಲಂಕಾದ ಇಂಥದೇ ಪ್ರದೇಶದಿಂದ ಬಂದದ್ದಲ್ಲವೇ?

ಹಳೇಸರ್ವೆ

ಹೌದು. 1904ರಲ್ಲಿ ಅದನ್ನು ಅಲ್ಲಿ ಗುರುತಿಸಿದವರು ಆನಂದ ಕುಮಾರಸ್ವಾಮಿ. ಕಲಾ ಇತಿಹಾಸಕಾರರಾಗಿ ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಅವರು ಸಿಲೋನ್‌ನ ಖನಿಜ ಸಮೀಕ್ಷೆಯ ಮುಖ್ಯಸ್ಥರಾಗಿದ್ದರು. ರತ್ನದ ಜಲ್ಲಿಯಲ್ಲಿ ಸಿಕ್ಕ ಕಪ್ಪು ಘನಾಕೃತಿಯ ಹರಳುಗಳು ಅವು, ಬಹುಪಾಲು ಥೋರಿಯಂ ಆಕ್ಸೈಡ್. ಭೂವಿಜ್ಞಾನಿಯಾಗಿ ಅವರು ಮಾಡಿದ ಕೆಲಸ ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು.

ಸೂಕ್ಷ್ಮನೋಟ

ಅಲ್ಲಿ ಮೊನಾಜೈಟ್ ಆಗದೆ ಥೋರಿಯನೈಟ್ ಯಾಕಾಯಿತು ಅನ್ನುವುದರಲ್ಲೇ ಈ ಚರ್ಚೆಯ ತಿರುಳಿದೆ. ಫಾಸ್ಫರಸ್ ಸಿಕ್ಕರೆ ಥೋರಿಯಂ ಮೊನಾಜೈಟ್‌ಗೆ ಹೋಗುತ್ತದೆ. ಸಿಲಿಕಾ ಧಾರಾಳವಾಗಿದ್ದರೆ ಥೋರೈಟ್ ಅಥವಾ ಹಟನೈಟ್ ಆಗಬಹುದು. ಎರಡೂ ಥೋರಿಯಂ ಸಿಲಿಕೇಟ್, ರಚನೆ ಬೇರೆ, ಹಟನೈಟ್‌ನದು ಮೊನಾಜೈಟ್‌ನಂಥ ರಚನೆ. ಸಿಲಿಕಾ ಕೊರತೆಯಿರುವ ಅಮೃತಶಿಲೆ, ಸುಣ್ಣ-ಸಿಲಿಕೇಟ್ ಕಲ್ಲುಗಳಲ್ಲಿ ಎರಡೂ ಸಿಗದೆ ಬರಿಯ ಆಕ್ಸೈಡ್ ಆಗಿ ನಿಲ್ಲುತ್ತದೆ. ದಕ್ಷಿಣ ಮಡಗಾಸ್ಕರ್‌ನ ಟ್ರಾನೊಮಾರೊ ಕಡೆಯೂ ಇದೇ ಕಥೆ: ಡಯಾಪ್ಸೈಡ್ ತುಂಬಿದ ಕಲ್ಲುಗಳಲ್ಲಿ ಯುರೇನಿಯಂ ಬೆರೆತ ಥೋರಿಯನೈಟ್. 1950ರ ದಶಕದಲ್ಲಿ ಫ್ರೆಂಚರು ಅಲ್ಲಿ ಗಣಿ ಮಾಡಿದರು. ಫ್ಲೋರಿನ್ ಹೆಚ್ಚಿದ್ದ ದ್ರವಗಳು ಅಲ್ಲಿ ಥೋರಿಯಂ ಹೊತ್ತು ತಂದವು ಅನ್ನುವುದು ಅಧ್ಯಯನ ಮಾಡಿದವರ ನಿಲುವು. ಈ ಪ್ರದೇಶಗಳೆಲ್ಲ, ಶ್ರೀಲಂಕಾ, ಮಡಗಾಸ್ಕರ್, ಕೇರಳ, ಸುಮಾರು 55 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಮಹಾಖಂಡ ಕೂಡಿಕೊಂಡಾಗ ಒಂದೇ ಬಿಸಿ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದವು.

ಶಿಲಾರ್ಥಿ

ಇನ್ನೊಂದು ಪ್ರಶ್ನೆ ಮೇಡಂ. ಖೊಂಡಲೈಟ್‌ನ ಮೊನಾಜೈಟ್ ಕಣಗಳಲ್ಲಿ ನಡುಭಾಗ ಒಂದು ಹೊಳಪು, ಅಂಚು ಇನ್ನೊಂದು ಹೊಳಪು ಕಾಣುತ್ತಿದೆ. ಗಡಿ ಚೂಪಾಗಿದೆ. ವಯಸ್ಸು ತೆಗೆಯಬಹುದೇ?

ಸೂಕ್ಷ್ಮನೋಟ

ತೆಗೆಯಬಹುದು, ತೆಗೆಯಲೇಬೇಕು. ಮೊನಾಜೈಟ್ ಹುಟ್ಟುವಾಗ ಸೀಸವನ್ನು ಬಹುತೇಕ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಈಗ ಒಳಗಿರುವ ಸೀಸ ಥೋರಿಯಂ, ಯುರೇನಿಯಂ ಕ್ಷಯದಿಂದ ಬಂದದ್ದು ಅಂತ ಹಿಡಿಯಬಹುದು. ಥೋರಿಯಂ-232ರ ಅರ್ಧಾಯು ಸುಮಾರು 1,405 ಕೋಟಿ ವರ್ಷ. ಮೈಕ್ರೋಪ್ರೋಬ್‌ನಲ್ಲಿ ಥೋರಿಯಂ, ಯುರೇನಿಯಂ, ಸೀಸ ಮೂರನ್ನೂ ಅಳೆದರೆ ಕೆಲವೇ ಮೈಕ್ರೋಮೀಟರ್ ಜಾಗದ ವಯಸ್ಸು ಸಿಗುತ್ತದೆ. ಸೀಸ ಮೊನಾಜೈಟ್‌ನಲ್ಲಿ ಹರಡುವುದು ಎಷ್ಟು ನಿಧಾನ ಅಂದರೆ 900 ಡಿಗ್ರಿಯ ಬಿಸಿಯಲ್ಲೂ ಹಳೆಯ ತಿರುಳು ತನ್ನ ವಯಸ್ಸು ಉಳಿಸಿಕೊಂಡಿರಬಹುದು.

ಆದರೆ ಮೊದಲು ನಕ್ಷೆ, ಆಮೇಲೆ ವಯಸ್ಸು. ಇಟ್ರಿಯಂ, ಥೋರಿಯಂ, ಕ್ಯಾಲ್ಸಿಯಂ, ಸಿಲಿಕಾನ್, ನಾಲ್ಕರ ಎಕ್ಸ್-ರೇ ನಕ್ಷೆ ತೆಗೆಯಿರಿ. ಗಾರ್ನೆಟ್ ಬೆಳೆಯುವಾಗ ಇಟ್ರಿಯಂ, ಭಾರ ರೇರ್ ಅರ್ಥ್‌ಗಳನ್ನು ಅದೇ ನುಂಗಿಬಿಡುತ್ತದೆ. ಆ ಹೊತ್ತಿನಲ್ಲಿ ಬೆಳೆದ ಮೊನಾಜೈಟ್‌ನಲ್ಲಿ ಇಟ್ರಿಯಂ ಕಡಿಮೆ. ಗಾರ್ನೆಟ್ ಒಡೆಯುವಾಗ ಅದು ಹೊರಬಂದು ಮೊನಾಜೈಟ್ ಅಂಚಿಗೆ ಸೇರುತ್ತದೆ. ಹೀಗೆ ಓದಿದರೆ ವಯಸ್ಸಿನ ಸಂಖ್ಯೆಗೆ ಒಂದು ಘಟನೆ ಜೋಡಿಯಾಗುತ್ತದೆ. ಬರಿಯ ಸಂಖ್ಯೆ ಮುದ್ರಿಸಿ ಅದನ್ನೇ "ರೂಪಾಂತರದ ವಯಸ್ಸು" ಅನ್ನುವ ರೂಢಿ ನನಗೆ ಒಪ್ಪಿಗೆಯಿಲ್ಲ, ಆ ರೂಢಿ ಹೋಗಬೇಕು.

ಚೂಪಾದ ಗಡಿಗೆ ಎರಡು ಅರ್ಥ ಇರಬಹುದು: ಹೊಸ ಬೆಳವಣಿಗೆ, ಇಲ್ಲವೇ ದ್ರವ ನುಗ್ಗಿ ಕರಗಿಸಿ ಮತ್ತೆ ಕಟ್ಟಿದ ವಲಯ. ಎರಡನೆಯದಾದರೆ ಗಡಿ ಹಳೆಯ ಪದರಗಳನ್ನು ಅಡ್ಡಾದಿಡ್ಡಿ ಕತ್ತರಿಸಿರುತ್ತದೆ. ಅದರೊಳಗೆ ಹಲವು ಬಾರಿ ಥೋರೈಟ್ ಅಥವಾ ಹಟನೈಟ್‌ನ ಚುಕ್ಕಿಗಳೂ ಕಾಣುತ್ತವೆ. ಇದಕ್ಕೆ ಗ್ರಾನ್ಯುಲೈಟ್ ಬಿಸಿ ಬೇಕಿಲ್ಲ, ತೀರಾ ಕೆಳಗಿನ ತಾಪದಲ್ಲೂ ಆಗುತ್ತದೆ.

ಯಂತ್ರದ ಕಡೆಯ ಎಚ್ಚರ: ಇಟ್ರಿಯಂ ಸೂಸುವ ಎಕ್ಸ್-ರೇಯ ಎಲ್-ಗಾಮಾ ರೇಖೆ ಸೀಸದ ಎಂ-ಆಲ್ಫಾ ಮೇಲೆ ಬೀಳುತ್ತದೆ, ಥೋರಿಯಂನ ಎಂ-ಗಾಮಾ ಯುರೇನಿಯಂನ ಎಂ-ಬೀಟಾ ಮೇಲೆ ಬೀಳುತ್ತದೆ. ತಿದ್ದುಪಡಿ ಮಾಡದೆ ಬಿಟ್ಟರೆ ಇಟ್ರಿಯಂ ಹೆಚ್ಚಿರುವ ಅಂಚು ಸುಳ್ಳೇ ಹಳೆಯದಾಗಿ ಕಾಣುತ್ತದೆ.

ಕರಗುಶಿಲೆ

ಇದಕ್ಕೆ ಸೇರಿಸುವುದು ಒಂದೇ. ಅಂಚು ಕರಗುದ್ರವ ಹೆಪ್ಪುಗಟ್ಟುವಾಗ ಬೆಳೆದದ್ದಾದರೆ ಆ ವಯಸ್ಸು ಗರಿಷ್ಠ ಬಿಸಿಯದ್ದಲ್ಲ, ತಣಿಯುವ ಹಂತದ್ದು. ಅತಿ ಬಿಸಿಯ ಗ್ರಾನ್ಯುಲೈಟ್‌ಗಳಲ್ಲಿ ಈ ಎರಡರ ನಡುವೆ ಕೋಟಿಗಟ್ಟಲೆ ವರ್ಷಗಳ ಅಂತರ ಇರಬಹುದು.

ಥೋರಿಯಂ ಉಳಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದರಲ್ಲಿ ಅತಿ ಮುಖ್ಯ ಅನ್ನಿಸುವುದು ಅದೇ. ಒಂದು ಕಿಲೋ ಥೋರಿಯಂ ಸುಮಾರು 26 ಮೈಕ್ರೋವಾಟ್ ಶಾಖ ಕೊಡುತ್ತದೆ, ಯುರೇನಿಯಂ ಸುಮಾರು 98. ಆದರೆ ಭೂಕವಚದಲ್ಲಿ ಥೋರಿಯಂ ಯುರೇನಿಯಂನ ನಾಲ್ಕು ಪಟ್ಟು ಇರುವುದರಿಂದ ಎರಡರ ಕೊಡುಗೆ ಹೆಚ್ಚುಕಡಿಮೆ ಸಮ. ಗ್ರಾನ್ಯುಲೈಟ್ ಆಗುವಾಗ ಯುರೇನಿಯಂ ಸಾಮಾನ್ಯವಾಗಿ ಥೋರಿಯಂಗಿಂತ ಬೇಗ ಹೊರಡುತ್ತದೆ. ಹಾಗಾದರೆ ಉಳಿದ ಶಾಖದ ಬಹುಪಾಲು ಥೋರಿಯಂನದ್ದೇ. ದಪ್ಪನೆಯ ಕವಚದ ತಳದಲ್ಲಿ ನಿಮ್ಮ ಖೊಂಡಲೈಟ್‌ನಂಥ ಕಲ್ಲು ಮೊನಾಜೈಟ್ ಹಿಡಿದುಕೊಂಡು ಕೂತಿದ್ದರೆ, ಅದು ಒಳಗಿನಿಂದಲೇ ಕಾಯುತ್ತಿರುತ್ತದೆ. ಕೆಲವು ಪರ್ವತ ಪಟ್ಟಿಗಳು ಹೊರಗಿನ ಶಿಲಾಪಾಕದ ನೆರವಿಲ್ಲದೆ ಅಷ್ಟು ದೀರ್ಘಕಾಲ ಬಿಸಿಯಾಗಿ ಉಳಿದದ್ದು ಹೇಗೆ ಅನ್ನುವುದಕ್ಕೆ ಇದು ಗಟ್ಟಿ ಉತ್ತರ.

ಶಿಲಾರ್ಥಿ

ಸರ್, ಮೇಡಂ, ಕೆಲಸದ ದಾರಿ ಸ್ಪಷ್ಟವಾಯಿತು. ಮೊದಲು ಗಾರ್ನೆಟ್ ಒಳಗಿನ, ಹೊರಗಿನ ಮೊನಾಜೈಟ್ ಎಣಿಕೆ, ಚಾರ್ನೊಕೈಟ್‌ನ ಅಪಟೈಟ್, ಆಮೇಲೆ ನಕ್ಷೆ. ಥಿನ್ ಸೆಕ್ಷನ್‌ನಲ್ಲಿ (ಬೆಳಕು ಹಾಯುವಷ್ಟು ತೆಳುವಾಗಿ ಕೊಯ್ದ ಕಲ್ಲಿನ ಚೂರಿನಲ್ಲಿ) ಮೊನಾಜೈಟ್, ಜಿರ್ಕಾನ್ ಬೇರೆ ಮಾಡುವುದು ಕಷ್ಟವಾಗುತ್ತಿದೆ. ಬಯೊಟೈಟ್‌ನಲ್ಲಿ ಎರಡರ ಸುತ್ತಲೂ ಕಪ್ಪು ಉಂಗುರ ಇದೆ.

ಸೂಕ್ಷ್ಮನೋಟ

ಉಂಗುರ ನೋಡಿ ಖನಿಜ ಹೇಳಲಾಗದು. ಅದು ಆಲ್ಫಾ ಕಣಗಳು ಬಯೊಟೈಟ್‌ಗೆ ಮಾಡಿದ ಹಾನಿ. ಥೋರಿಯಂ ಸರಣಿಯ ಅತಿ ಬಲದ ಆಲ್ಫಾ ಸುಮಾರು 40 ಮೈಕ್ರೋಮೀಟರ್‌ವರೆಗೆ ಹೋಗುತ್ತದೆ. ಮೊನಾಜೈಟ್‌ಗೆ ಸಾಮಾನ್ಯವಾಗಿ ತಿಳಿ ಹಳದಿ ಛಾಯೆ ಇರುತ್ತದೆ, ಅಷ್ಟೇ ನಂಬಬೇಡಿ. ಇಷ್ಟು ವಿಕಿರಣ ಹೊತ್ತೂ ಮೊನಾಜೈಟ್ ತನ್ನ ಹರಳಿನ ಕಟ್ಟು ಕಳೆದುಕೊಳ್ಳುವುದಿಲ್ಲ, ಹಾನಿ ಬೇಗ ವಾಸಿಯಾಗುತ್ತದೆ. ಅಲ್ಲನೈಟ್, ಥೋರೈಟ್, ಯುರೇನಿಯಂ ಹೆಚ್ಚಿರುವ ಜಿರ್ಕಾನ್ ಮಾತ್ರ ಕಟ್ಟು ಕಳೆದುಕೊಂಡು ಗಾಜಿನಂತಾಗುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹಿಂಚದುರಿಕೆ ಚಿತ್ರದಲ್ಲಿ ಮೊನಾಜೈಟ್ ಜಿರ್ಕಾನ್‌ಗಿಂತ ಹೆಚ್ಚು ಹೊಳೆಯುತ್ತದೆ. ಒಂದು ಸ್ಪೆಕ್ಟ್ರಮ್‌ನಲ್ಲಿ ಸೀರಿಯಂ, ಫಾಸ್ಫರಸ್ ಕಂಡರೆ ಮುಗಿಯಿತು.

ಮರಳುಗಣ್ಣು

ನನ್ನ ಕಡೆಯಿಂದ ಒಂದು ಮಾತು. ಕಲ್ಲು ಪುಡಿ ಮಾಡಿ ಮೊನಾಜೈಟ್ ಬೇರ್ಪಡಿಸುವುದಾದರೆ ನೀರಿನಲ್ಲಿ ನೆನೆಸಿಕೊಂಡೇ ಅರೆಯಿರಿ, ಒಣ ಧೂಳು ಏಳಿಸಬೇಡಿ. ಥೋರಿಯಂ ಸರಣಿಯ ರೇಡಾನ್-220 ಅನಿಲದ ಅರ್ಧಾಯು 56 ಸೆಕೆಂಡಿನಷ್ಟೇ, ಆದರೆ ಅದರ ಕ್ಷಯದಿಂದ ಹುಟ್ಟಿದ ಸಂತತಿ ಧೂಳಿಗೆ ಅಂಟಿಕೊಂಡು ಶ್ವಾಸಕೋಶ ಸೇರುತ್ತದೆ. ಮುಖಗವಸು ಹಾಕಿ. ಭಾರ ದ್ರವಕ್ಕೆ (ಹಗುರ ಖನಿಜ ತೇಲಿ, ಭಾರದ್ದು ಮುಳುಗುವ ದ್ರವಕ್ಕೆ) ಹೋಗುವ ಮೊದಲು ಕಾಂತ ವಿಭಜಕದಲ್ಲಿ ಹಾಯಿಸಿ: ಜಿರ್ಕಾನ್ ಕಾಂತಕ್ಕೆ ಬಗ್ಗುವುದಿಲ್ಲ, ಮೊನಾಜೈಟ್ ದುರ್ಬಲವಾಗಿ ಬಗ್ಗುತ್ತದೆ, ಕ್ಸೆನೋಟೈಮ್ ಅದಕ್ಕಿಂತ ಮೊದಲೇ ಬೇರೆಯಾಗುತ್ತದೆ. ಬೇರ್ಪಡಿಸಿದ್ದನ್ನು ಚೀಟಿ ಅಂಟಿಸಿದ ಮುಚ್ಚಳದ ಸೀಸೆಯಲ್ಲಿ ಗಾಳಿಯಾಡುವ ಕೋಣೆಯಲ್ಲಿಡಿ.

ಹಳೇಸರ್ವೆ

ಆದರೆ ಎಲ್ಲವನ್ನೂ ಪುಡಿ ಮಾಡಬೇಡಿ. ಪುಡಿ ಮಾಡಿದ ಕ್ಷಣ ಯಾವ ಕಣ ಗಾರ್ನೆಟ್ ಒಳಗಿತ್ತು ಅನ್ನುವುದು ಹೋಗಿಬಿಡುತ್ತದೆ. ಮೊದಲು ಥಿನ್ ಸೆಕ್ಷನ್ ಪೂರ್ತಿ ಮುಗಿಸಿ. ಸಾಧ್ಯವಾದರೆ ಬಂಡೆಯ ಬಳಿಗೆ ಗಾಮಾ ಸ್ಪೆಕ್ಟ್ರೋಮೀಟರ್ ಒಯ್ದು 2.61 ಮೆಗಾ ಎಲೆಕ್ಟ್ರಾನ್‌ವೋಲ್ಟ್‌ನ ಥೋರಿಯಂ ಸರಣಿಯ ರೇಖೆಯನ್ನು ಪದರದಿಂದ ಪದರಕ್ಕೆ ಓದಿ. ಕರಗುದ್ರವ ಹೆಪ್ಪುಗಟ್ಟಿದ ಬಿಳಿ ಪಟ್ಟಿಗಳಲ್ಲಿ ಓದು ಹೆಚ್ಚೋ, ಗಾರ್ನೆಟ್ ತುಂಬಿದ ಕಪ್ಪು ಶೇಷದಲ್ಲಿ ಹೆಚ್ಚೋ ನೋಡಿ, ಇಲ್ಲೇ ಹಾಕಿ. ಕರಗುಶಿಲೆಯವರ ವಾದಕ್ಕೆ ಅದೇ ನೇರ ಪರೀಕ್ಷೆ.